ನಾಯಕತ್ವದಲ್ಲಿ ಪ್ರಾಮಾಣಿಕತೆ ಮತ್ತು ದೀನತೆ: ಸತ್ಯವೇದದ ಬೋಧನೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸತ್ಯವೇದವು (ಬೈಬಲ್) ನಾಯಕನ ಪ್ರಾಮಾಣಿಕತೆಯನ್ನು ಯಾವುದರಿಂದ ಅಳೆಯುತ್ತದೆ?

ಈ ಪ್ರಶ್ನೆಗೆ ಒಂದೇ ಒಂದು ಭಾಗವನ್ನು ಓದಿರೆಂದು ಹೇಳಬೇಕಾಗಿ ಬಂದರೆ ನಾನು ಒಂದನೆಯ ಸಮುವೇಲನು ಪುಸ್ತಕದ 12ನೆಯ ಅಧ್ಯಾಯವನ್ನು ಸೂಚಿಸುತ್ತೇನೆ. ಇಸ್ರಾಯೇಲ್ಯರು ತಮಗೆ ಅರಸನು ಬೇಕೆಂದು ಹಟಹಿಡಿದು ಸೌಲನನ್ನು ಪಡೆದುಕೊಂಡ ನಂತರ, ಅದುವರೆಗೆ ಅವರ ನ್ಯಾಯಾಧಿಪತಿಯಾಗಿದ್ದ, ಮುದುಕನಾಗಿ ತಲೆ ನರೆತಿದ್ದ ಸಮುವೇಲನು ಜನರೆಲ್ಲರ ಮುಂದೆ ನಿಂತು ತನ್ನ ವಿರುದ್ಧ ಸಾಕ್ಷಿ ಹೇಳುವಂತೆ ಅವರನ್ನೇ ಕೇಳುತ್ತಾನೆ. ಯಾರ ಎತ್ತನ್ನು ತೆಗೆದುಕೊಂಡೆ, ಯಾರ ಕತ್ತೆಯನ್ನು ಕಸಿದುಕೊಂಡೆ, ಯಾರನ್ನು ವಂಚಿಸಿದೆ, ಯಾರನ್ನು ಪೀಡಿಸಿದೆ, ನ್ಯಾಯಕ್ಕೆ ಕಣ್ಣು ಮುಚ್ಚಿಕೊಳ್ಳಲು ಯಾರಿಂದ ಲಂಚ ಪಡೆದೆ ಎಂದು ಅವನು ಒಂದೊಂದಾಗಿ ಕೇಳುತ್ತಾನೆ. ಹಾಗೇನಾದರೂ ಇದ್ದರೆ ಹಿಂದಿರುಗಿಸುವುದಾಗಿಯೂ ಹೇಳುತ್ತಾನೆ. ಜನರು ಅಂಥದ್ದೇನೂ ಇಲ್ಲವೆಂದು ಒಪ್ಪುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ಸಮುವೇಲನ ನಿರ್ದೋಷತ್ವವನ್ನಷ್ಟೇ ಅಲ್ಲ, ಅವನು ತನ್ನನ್ನು ನಿಲ್ಲಿಸಿಕೊಂಡ ಜಾಗವನ್ನು. ಇಡೀ ಜೀವಮಾನ ಇತರರಿಗೆ ನ್ಯಾಯತೀರಿಸಿದವನು ತಾನೇ ಆಪಾದಿತನ ಸ್ಥಾನದಲ್ಲಿ ನಿಂತು, ತೀರ್ಪು ಹೇಳುವ ಅಧಿಕಾರವನ್ನು ಜನರ ಕೈಗೆ ಕೊಡುತ್ತಾನೆ. ತನ್ನ ಪ್ರಾಮಾಣಿಕತೆಗೆ ತಾನೇ ಪ್ರಮಾಣಪತ್ರ ಬರೆದುಕೊಳ್ಳದೆ, ತನ್ನ ಕೈಕೆಳಗಿದ್ದವರೇ ಅದನ್ನು ಹೇಳಲು ಅವಕಾಶ ಮಾಡಿಕೊಟ್ಟದ್ದರಲ್ಲಿಯೇ ಅವನ ದೀನತೆಯೂ ಕಾಣುತ್ತದೆ. ಹಾಗೆಂದು ಸತ್ಯವೇದವು ಅವನ ಚಿತ್ರಕ್ಕೆ ಬಣ್ಣ ಹಚ್ಚುವುದಿಲ್ಲ. ಅವನು ನ್ಯಾಯಾಧಿಪತಿಗಳನ್ನಾಗಿ ನೇಮಿಸಿದ ಅವನ ಮಕ್ಕಳಾದ ಯೋವೇಲ ಮತ್ತು ಅಬೀಯ ಬೇರ್ಷೆಬದಲ್ಲಿ ಲಂಚ ತಿಂದು ನ್ಯಾಯವನ್ನು ತಿರುಚಿದರೆಂದು ಅದೇ ಪುಸ್ತಕದ 8ನೆಯ ಅಧ್ಯಾಯ ನೇರವಾಗಿಯೇ ಹೇಳುತ್ತದೆ.

ಪ್ರಾಮಾಣಿಕತೆ ಮತ್ತು ದೀನತೆ ಎರಡು ಬೇರೆ ಗುಣಗಳಲ್ಲವೇ? ಒಂದಿಲ್ಲದೆ ಇನ್ನೊಂದು ಇರಲಾರದೇ?

ಸ್ವಲ್ಪ ಕಾಲ ಇರಬಹುದು, ಆದರೆ ಉಳಿಯುವುದಿಲ್ಲ. ತನ್ನ ಪ್ರಾಮಾಣಿಕತೆಯ ಬಗ್ಗೆ ಹೆಮ್ಮೆಪಡುವ ನಾಯಕನು ತಪ್ಪು ಮಾಡಿದ ದಿನ ಅದನ್ನು ಒಪ್ಪಿಕೊಳ್ಳಲಾರದೆ ಹೋಗುತ್ತಾನೆ, ಒಪ್ಪಿಕೊಳ್ಳಲಾರದವನು ಮುಚ್ಚಿಡುತ್ತಾನೆ, ಮುಚ್ಚಿಡುವುದಕ್ಕೆ ಸುಳ್ಳು ಬೇಕಾಗುತ್ತದೆ. ಸೌಲನ ಇಡೀ ಕಥೆ ಈ ದಾರಿಯಲ್ಲೇ ಸಾಗುತ್ತದೆ.

ಸೌಲನ ಆರಂಭ ಚೆನ್ನಾಗಿತ್ತು. ತನ್ನ ಕುಲವು ಇಸ್ರಾಯೇಲಿನ ಅತ್ಯಂತ ಚಿಕ್ಕ ಕುಲವೆಂದು ಸಂಕೋಚಪಟ್ಟವನು ಅವನು. ಅರಸನಾಗಿ ಆರಿಸಲ್ಪಟ್ಟಾಗ ಸಾಮಾನುಗಳ ನಡುವೆ ಅಡಗಿಕೊಂಡಿದ್ದವನು. ತನ್ನನ್ನು ಹೀನೈಸಿದವರನ್ನು ಕೊಲ್ಲಬೇಕೆಂದು ಜನರು ಹೇಳಿದಾಗ ತಡೆದವನು. ಆದರೆ 15ನೆಯ ಅಧ್ಯಾಯದ ಹೊತ್ತಿಗೆ ಅವನು ಕರ್ಮೇಲಿನಲ್ಲಿ ತನಗಾಗಿ ಜ್ಞಾಪಕಸ್ತಂಭ ನಿಲ್ಲಿಸಿಕೊಂಡಿದ್ದಾನೆ. ಅಮಾಲೇಕ್ಯರ ಮೇಲಿನ ಯುದ್ಧದಲ್ಲಿ ಎಲ್ಲವನ್ನೂ ನಾಶಮಾಡಬೇಕೆಂಬ ಆಜ್ಞೆಯನ್ನು ಮೀರಿ ಉತ್ತಮವಾದ ಕುರಿದನಗಳನ್ನು ಉಳಿಸಿಕೊಂಡು, ಸಮುವೇಲನು ಬಂದಾಗ ದೇವರಾದ ಯೆಹೋವನ ಆಜ್ಞೆಯನ್ನು ನೆರವೇರಿಸಿದ್ದೇನೆಂದು ಹೇಳುತ್ತಾನೆ. ಕುರಿಗಳ ಕೂಗು ಕೇಳಿಸುತ್ತಿರುವಾಗಲೇ ಈ ಮಾತು ಬರುತ್ತದೆ. ಸಿಕ್ಕಿಬಿದ್ದ ಮೇಲೆ ಜನರ ಮೇಲೆ ಹೊರಿಸುತ್ತಾನೆ, ಅನಂತರ ಯಜ್ಞಕ್ಕಾಗಿ ಎಂಬ ಭಕ್ತಿಯ ನೆಪ ಹೇಳುತ್ತಾನೆ, ಕಡೆಗೆ ಪಾಪ ಮಾಡಿದ್ದೇನೆ ಎನ್ನುತ್ತಾನೆ. ಆದರೆ ಅದರ ಬೆನ್ನಿಗೇ ತನ್ನ ಜನರ ಹಿರಿಯರ ಮುಂದೆ ತನ್ನ ಮಾನ ಕಾಪಾಡುವಂತೆ ಬೇಡಿಕೊಳ್ಳುತ್ತಾನೆ. ಅವನಿಗೆ ಆ ಕ್ಷಣದಲ್ಲೂ ಪಾಪಕ್ಕಿಂತ ಪ್ರತಿಷ್ಠೆಯೇ ದೊಡ್ಡ ಚಿಂತೆಯಾಗಿತ್ತು.

ದಾವೀದನ ಪಾಪ ಸೌಲನ ಪಾಪಕ್ಕಿಂತ ಘೋರವಾದದ್ದಲ್ಲವೇ? ಹಾಗಿದ್ದರೂ ಅವನನ್ನು ಮಾದರಿಯೆಂದು ಏಕೆ ಹೇಳುತ್ತಾರೆ?

ಘೋರವಾದದ್ದೇ. ಇದನ್ನು ಮೃದುಗೊಳಿಸಿ ಹೇಳುವ ಪ್ರಸಂಗಗಳು ಕೇಳುವವರಿಗೂ ದಾವೀದನಿಗೂ ಅನ್ಯಾಯ ಮಾಡುತ್ತವೆ. ಸೈನ್ಯವು ಯುದ್ಧಭೂಮಿಯಲ್ಲಿದ್ದಾಗ ಅರಮನೆಯಲ್ಲಿ ಉಳಿದುಕೊಂಡ ಅರಸನು ತನ್ನದೇ ಸೈನಿಕನಾದ ಹಿತ್ತಿಯನಾದ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡನು. ಅವಳು ಗರ್ಭಿಣಿಯಾದದ್ದು ತಿಳಿದಾಗ ಊರೀಯನನ್ನು ಮನೆಗೆ ಕಳುಹಿಸಿ ವಿಷಯವನ್ನು ಮುಚ್ಚಲು ನೋಡಿದನು. ಅದು ಸಾಗದಿದ್ದಾಗ ಅವನ ಮರಣದ ಆಜ್ಞೆಯನ್ನು ಬರೆದು ಆ ಪತ್ರವನ್ನು ಅವನ ಕೈಯಲ್ಲೇ ಸೇನಾಪತಿ ಯೋವಾಬನಿಗೆ ಕಳುಹಿಸಿದನು. ಅಧಿಕಾರದ ದುರುಪಯೋಗಕ್ಕೆ ಇದಕ್ಕಿಂತ ಕ್ರೂರವಾದ ಉದಾಹರಣೆ ಸತ್ಯವೇದದಲ್ಲಿ ಹೆಚ್ಚಿಲ್ಲ.

ದಾವೀದನಿಂದ ಕಲಿಯಬೇಕಾದ ಪಾಠವು ಪ್ರವಾದಿಯಾದ ನಾತಾನನು ಒಳಗೆ ಬಂದ ನಂತರ ಆರಂಭವಾಗುತ್ತದೆ. ಪ್ರವಾದಿಯು ಒಬ್ಬ ಬಡವನ ಒಂದೇ ಹೆಣ್ಣು ಕುರಿಮರಿಯನ್ನು ಕಸಿದುಕೊಂಡ ಐಶ್ವರ್ಯವಂತನ ಕಥೆ ಹೇಳುತ್ತಾನೆ. ದಾವೀದನು ಕೋಪದಿಂದ ಅಂಥವನಿಗೆ ಮರಣವೇ ಆಗಬೇಕೆಂದು ತೀರ್ಪು ಕೊಡುತ್ತಾನೆ. ಆ ಮನುಷ್ಯನು ನೀನೇ ಎಂದು ನಾತಾನನು ಹೇಳುತ್ತಾನೆ. ಆ ಕಾಲದ ಅರಸನೊಬ್ಬನಿಗೆ ಪ್ರವಾದಿಯ ಬಾಯಿ ಮುಚ್ಚಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ದಾವೀದನು ನೆಪ ಹೇಳಲಿಲ್ಲ, ಬತ್ಷೆಬೆಯ ಮೇಲೆ ಹೊರಿಸಲಿಲ್ಲ, ಮಾನ ಕಾಪಾಡೆಂದು ಕೇಳಲಿಲ್ಲ. ಯೆಹೋವನಿಗೆ ವಿರುದ್ಧವಾಗಿ ಪಾಪಮಾಡಿದ್ದೇನೆ ಎಂದಷ್ಟೇ ಹೇಳಿದನು. 51ನೆಯ ಕೀರ್ತನೆಯ ಶೀರ್ಷಿಕೆ ಅದನ್ನು ಇದೇ ಸಂದರ್ಭಕ್ಕೆ ಜೋಡಿಸುತ್ತದೆ, ಅಂದರೆ ಅರಸನ ಅಪರಾಧವು ಜನರು ಆರಾಧನೆಯಲ್ಲಿ ಹಾಡುವ ಗೀತೆಯೊಂದಿಗೆ ಸೇರಿಹೋಯಿತು.

ಕ್ಷಮೆ ಸಿಕ್ಕಿತು, ಆದರೆ ಪರಿಣಾಮ ತಪ್ಪಲಿಲ್ಲ. ಮಗು ಸತ್ತಿತು, ಅವನ ಮನೆಯೊಳಗೇ ಕತ್ತಿ ಆಡಿತು, ಮಗನಾದ ಅಬ್ಷಾಲೋಮನೇ ದಂಗೆಯೆದ್ದನು. ಆ ದಂಗೆಯಲ್ಲಿ ಓಡಿಹೋಗುವಾಗ ಶಿಮ್ಮಿ ಎಂಬವನು ಕಲ್ಲೆಸೆದು ಶಪಿಸಿದರೂ ದಾವೀದನು ಅವನನ್ನು ಕೊಲ್ಲಗೊಡಲಿಲ್ಲ. ಊರೀಯನ ಹೆಸರನ್ನೂ ಸತ್ಯವೇದ ಮರೆಯಲಿಲ್ಲ: ಮತ್ತಾಯನ ಸುವಾರ್ತೆಯ ವಂಶಾವಳಿಯಲ್ಲಿ ದಾವೀದನ ಮಗ ಸೊಲೊಮೋನನ ತಾಯಿಯಾದ ಬತ್ಷೆಬೆಯನ್ನು ಊರೀಯನ ಹೆಂಡತಿಯಾಗಿದ್ದವಳೆಂದೇ ಬರೆಯಲಾಗಿದೆ. ತಪ್ಪಿತಸ್ಥನಾದ ನಾಯಕನಿಗೆ ಕನಿಕರ ತೋರಿಸುವ ಭರದಲ್ಲಿ ಅನ್ಯಾಯಕ್ಕೊಳಗಾದವರ ಹೆಸರು ಅಳಿಸಿಹೋಗಬಾರದೆಂಬುದನ್ನು ಈ ಒಂದು ವಾಕ್ಯದಿಂದ ಪ್ರತಿಯೊಂದು ಕ್ರೈಸ್ತ ಸಭೆಯೂ ಕಲಿಯಬೇಕೆಂದು ನಾನು ಬಯಸುತ್ತೇನೆ.

ದೀನತೆಯುಳ್ಳ ನಾಯಕನು ದುರ್ಬಲನಾಗಿ ಕಾಣುವುದಿಲ್ಲವೇ?

ಸತ್ಯವೇದದ ಅರಣ್ಯಕಾಂಡದ 12ನೆಯ ಅಧ್ಯಾಯವು ಇಸ್ರಾಯೇಲ್ಯರ ನಾಯಕನಾದ ಮೋಶೆಯನ್ನು ಭೂಮಿಯ ಮೇಲಿರುವ ಎಲ್ಲಾ ಮನುಷ್ಯರಿಗಿಂತ ಬಹು ಸಾತ್ವಿಕನೆಂದು ಕರೆಯುತ್ತದೆ. ಈ ಸಾತ್ವಿಕನೇ ಐಗುಪ್ತದ (ಈಜಿಪ್ಟಿನ) ಅರಸನಾದ ಫರೋಹನ ಎದುರು ಪದೇ ಪದೇ ನಿಂತು ಜನರ ಬಿಡುಗಡೆಯನ್ನು ಕೇಳಿದವನು, ಬಂಗಾರದ ಕರುವನ್ನು ಪುಡಿಮಾಡಿದವನು. ಹಾಗಾದರೆ ಅವನ ದೀನತೆ ಎಲ್ಲಿತ್ತು? ತನಗಾಗಿ ಹೋರಾಡದಿರುವುದರಲ್ಲಿತ್ತು. ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಅವನ ವಿರುದ್ಧ ಮಾತನಾಡಿದಾಗ ಅವನು ತನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ. ಮಿರ್ಯಾಮಳಿಗೆ ಕುಷ್ಠ ಹತ್ತಿದಾಗ ಅವಳ ಗುಣಕ್ಕಾಗಿ ಮೊರೆಯಿಡುತ್ತಾನೆ. ಪಾಳೆಯದೊಳಗೆ ಎಲ್ದಾದನೂ ಮೇದಾದನೂ ಪ್ರವಾದಿಸಿದಾಗ ಅವನ ಸಹಾಯಕನಾದ ಯೆಹೋಶುವನು ಅವರನ್ನು ತಡೆಯಬೇಕೆಂದರೆ, ನನ್ನ ನಿಮಿತ್ತ ಹೊಟ್ಟೆಕಿಚ್ಚುಪಡುತ್ತೀಯೋ, ಯೆಹೋವನ ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟೋ ಒಳ್ಳೆಯದು ಎನ್ನುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯತೀರಿಸುವುದು ಸರಿಯಲ್ಲವೆಂದು ಮಾವನಾದ ಇತ್ರೋನನು ಹೇಳಿದಾಗ ಅವನ ಮಾತನ್ನು ಕೇಳಿ, ಸಾವಿರ, ನೂರು, ಐವತ್ತು ಮತ್ತು ಹತ್ತು ಮಂದಿಯ ಮೇಲೆ ಅಧಿಪತಿಗಳನ್ನು ನೇಮಿಸುತ್ತಾನೆ. ಅಂಥವರು ದೇವಭಕ್ತರೂ ನಂಬಿಗಸ್ತರೂ ಲಂಚವನ್ನು ಹಗೆಮಾಡುವವರೂ ಆಗಿರಬೇಕೆಂಬ ಅರ್ಹತೆಯನ್ನು ವಿಮೋಚನಕಾಂಡ 18 ಅಲ್ಲಿಯೇ ದಾಖಲಿಸುತ್ತದೆ.

ಆದರೂ ಮೆರೀಬ ಎಂಬ ಸ್ಥಳದಲ್ಲಿ ಇದೇ ಮೋಶೆ ಸಿಟ್ಟಿನಿಂದ ಬಂಡೆಯನ್ನು ಎರಡು ಸಾರಿ ಹೊಡೆದು, ನಾವು ನಿಮಗೆ ನೀರನ್ನು ಬರಮಾಡಬೇಕೋ ಎಂದು ಕೇಳಿದನು. ದೇವರ ಪರಿಶುದ್ಧತೆಯನ್ನು ಜನರ ಮುಂದೆ ಎತ್ತಿಹಿಡಿಯದೆ ಹೋದದ್ದರಿಂದ ಅವನು ವಾಗ್ದತ್ತ ದೇಶವನ್ನು ಪ್ರವೇಶಿಸಲಿಲ್ಲ. ದಶಕಗಳ ಸೇವೆಯ ಕೊನೆಯಲ್ಲಿಯೂ ಈ ಎಚ್ಚರ ಬೇಕೆಂಬುದು ನನಗೆ ಸತ್ಯವೇದದ ಅತ್ಯಂತ ಗಂಭೀರ ಪಾಠಗಳಲ್ಲಿ ಒಂದಾಗಿ ಕಾಣುತ್ತದೆ.

ಅಧಿಕಾರದಲ್ಲಿರುವವರಿಗೆ ಸತ್ಯವೇದವು ಯಾವುದಾದರೂ ಮಿತಿಯನ್ನು ಹಾಕುತ್ತದೆಯೇ?

ಇಸ್ರಾಯೇಲಿಗೆ ಅರಸನು ಬರುವ ಮೊದಲೇ ಹಾಕಿತ್ತು. ಧರ್ಮೋಪದೇಶಕಾಂಡ 17ರ ಪ್ರಕಾರ ಅರಸನು ತನಗಾಗಿ ಬಹಳ ಕುದುರೆಗಳನ್ನಾಗಲಿ, ಅನೇಕ ಹೆಂಡತಿಯರನ್ನಾಗಲಿ, ಅಧಿಕವಾದ ಬೆಳ್ಳಿಬಂಗಾರವನ್ನಾಗಲಿ ಮಾಡಿಕೊಳ್ಳಬಾರದು. ಧರ್ಮಶಾಸ್ತ್ರದ ಪ್ರತಿಯನ್ನು ಬರೆದಿಟ್ಟುಕೊಂಡು ಜೀವಮಾನವೆಲ್ಲಾ ಓದುತ್ತಿರಬೇಕು. ತನ್ನ ಹೃದಯವು ಸಹೋದರರಿಗಿಂತ ಮೇಲೇರದಂತೆ ನೋಡಿಕೊಳ್ಳಬೇಕು. ಅರಸನೂ ಸಹೋದರರಲ್ಲಿ ಒಬ್ಬನೇ ಎಂಬ ಎಣಿಕೆ ಇಲ್ಲಿದೆ.

ಸೊಲೊಮೋನನು ಈ ಮೂರು ಮಿತಿಗಳನ್ನೂ ದಾಟಿದನು. ಐಗುಪ್ತದಿಂದ ಕುದುರೆಗಳನ್ನು ತರಿಸಿದನು, ಒಂದೇ ವರ್ಷದಲ್ಲಿ 666 ತಲಾಂತು (ಆ ಕಾಲದ ತೂಕದ ಅಳತೆ) ಬಂಗಾರ ಅವನಿಗೆ ಬಂತು, 700 ಮಂದಿ ಪತ್ನಿಯರೂ 300 ಮಂದಿ ಉಪಪತ್ನಿಯರೂ ಅವನಿಗಿದ್ದರು. ಅವನ ಮಗ ರೆಹಬ್ಬಾಮನ ಬಳಿ ಜನರು ಬಂದು ನೊಗವನ್ನು ಹಗುರ ಮಾಡೆಂದು ಕೇಳಿಕೊಂಡಾಗ, ಹಿರಿಯರು ಅವನಿಗೆ ಈ ದಿನ ಜನರಿಗೆ ಸೇವಕನಾಗಿ ಒಳ್ಳೆಯ ಮಾತು ಹೇಳಿದರೆ ಅವರು ಸದಾ ನಿನಗೆ ಸೇವಕರಾಗಿರುವರೆಂದು ಬುದ್ಧಿ ಹೇಳಿದರು. ಅವನು ತನ್ನ ಜೊತೆಯಲ್ಲಿ ಬೆಳೆದ ಯೌವನಸ್ಥರ ಮಾತು ಕೇಳಿ, ತಂದೆಯ ಸೊಂಟಕ್ಕಿಂತ ತನ್ನ ಕಿರುಬೆರಳು ದಪ್ಪವೆಂಬ ಧೋರಣೆಯಿಂದ ಕಠಿಣವಾಗಿ ಉತ್ತರಕೊಟ್ಟನು, ಹತ್ತು ಕುಲಗಳು ಅವನನ್ನು ಬಿಟ್ಟುಹೋದವು.

ಯಶಸ್ಸು ಬಂದ ಮೇಲೆ ದೀನತೆಯನ್ನು ಉಳಿಸಿಕೊಳ್ಳುವುದು ಏಕೆ ಕಷ್ಟ?

ಸೋತಾಗ ಎಚ್ಚರಿಸುವವರು ಸುತ್ತಲೂ ಇರುತ್ತಾರೆ, ಗೆದ್ದಾಗ ಹೊಗಳುವವರೇ ಉಳಿಯುತ್ತಾರೆ. ಉಜ್ಜೀಯನು ಹದಿನಾರನೆಯ ವಯಸ್ಸಿನಲ್ಲಿ ಯೆಹೂದದ ಅರಸನಾಗಿ 52 ವರ್ಷ ಆಳಿದನು. ಬುರುಜುಗಳನ್ನು ಕಟ್ಟಿಸಿದನು, ಬಾವಿಗಳನ್ನು ತೋಡಿಸಿದನು, ಸೈನ್ಯವನ್ನು ಬಲಪಡಿಸಿದನು. ಬಲಗೊಂಡ ಮೇಲೆ ಅವನ ಹೃದಯವು ಗರ್ವದಿಂದ ಉಬ್ಬಿ ಅವನ ನಾಶಕ್ಕೆ ಕಾರಣವಾಯಿತೆಂದು ಎರಡನೆಯ ಪೂರ್ವಕಾಲವೃತ್ತಾಂತ 26 ಹೇಳುತ್ತದೆ. ಯಾಜಕರಿಗೆ ಮಾತ್ರ ಸೇರಿದ ಧೂಪಾರ್ಪಣೆಯನ್ನು ತಾನೇ ಮಾಡಲು ದೇವಾಲಯಕ್ಕೆ ನುಗ್ಗಿದಾಗ, ಅಜರ್ಯನೂ ಅವನೊಂದಿಗೆ 80 ಮಂದಿ ಧೈರ್ಯಶಾಲಿಗಳಾದ ಯಾಜಕರೂ ಅರಸನನ್ನು ತಡೆದರು. ಆ ಎಂಬತ್ತು ಮಂದಿಯ ಮಾತು ಅವನಿಗೆ ಉಳಿದಿದ್ದ ಕೊನೆಯ ಅವಕಾಶವಾಗಿತ್ತು. ಅವನು ಕೇಳದೆ ಕೆರಳಿದನು, ಹಣೆಯ ಮೇಲೆ ಕುಷ್ಠವು ಕಾಣಿಸಿಕೊಂಡಿತು.

ಹಣದ ವಿಷಯದಲ್ಲಿ ಸತ್ಯವೇದವು ನಾಯಕರಿಂದ ಏನನ್ನು ನಿರೀಕ್ಷಿಸುತ್ತದೆ?

ನೆಹೆಮೀಯನ ಪುಸ್ತಕದ 5ನೆಯ ಅಧ್ಯಾಯವನ್ನು ಹಣಕಾಸು ನೋಡಿಕೊಳ್ಳುವ ಪ್ರತಿಯೊಬ್ಬ ಹಿರಿಯನೂ ವರ್ಷಕ್ಕೊಮ್ಮೆಯಾದರೂ ಓದುವುದು ಒಳ್ಳೆಯದು. ಪಾರಸಿಯ ಅರಸನಾದ ಅರ್ತಷಸ್ತನ ಪಾನಸೇವಕನಾಗಿದ್ದ ನೆಹೆಮೀಯನು ಯೆಹೂದ ದೇಶದ ಅಧಿಪತಿಯಾಗಿ ಬಂದಾಗ, ಬಡವರು ತೆರಿಗೆ ಕಟ್ಟಲು ಹೊಲಗಳನ್ನು ಒತ್ತೆಯಿಟ್ಟು, ಮಕ್ಕಳನ್ನು ದಾಸತ್ವಕ್ಕೆ ಒಪ್ಪಿಸುತ್ತಿದ್ದರು. ಬಡ್ಡಿ ತೆಗೆದುಕೊಳ್ಳುತ್ತಿದ್ದವರು ಅವರ ಸಹೋದರರಾದ ಶ್ರೀಮಂತರೇ ಆಗಿದ್ದರು. ನೆಹೆಮೀಯನು ಆ ಶ್ರೀಮಂತರನ್ನು ಬಹಿರಂಗವಾಗಿ ಗದರಿಸಿ, ತಾನೂ ತನ್ನವರೂ ಸಾಲ ಕೊಟ್ಟಿರುವುದನ್ನು ಮರೆಮಾಚದೆ ಹೇಳಿ, ಹೊಲಮನೆಗಳನ್ನು ಹಿಂದಿರುಗಿಸುವಂತೆ ಅವರಿಂದ ಪ್ರಮಾಣ ಮಾಡಿಸಿದನು.

ಅವನ ಮಾತಿಗೆ ಬೆಲೆ ಬಂದದ್ದು ಅವನ ನಡತೆಯಿಂದ. ಹಿಂದಿನ ಅಧಿಪತಿಗಳು ಜನರಿಂದ ಆಹಾರ ಮತ್ತು ದ್ರಾಕ್ಷಾರಸವಲ್ಲದೆ 40 ಶೆಕೆಲ್ ಬೆಳ್ಳಿಯನ್ನೂ ವಸೂಲು ಮಾಡುತ್ತಿದ್ದರು, ಅವರ ಸೇವಕರೂ ದಬ್ಬಾಳಿಕೆ ನಡೆಸುತ್ತಿದ್ದರು. ನೆಹೆಮೀಯನು ಹನ್ನೆರಡು ವರ್ಷ ಅಧಿಪತಿಗೆ ಸಲ್ಲಬೇಕಾದ ಭತ್ಯವನ್ನು ಮುಟ್ಟಲಿಲ್ಲ, ಆದರೂ ಅವನ ಪಂಕ್ತಿಯಲ್ಲಿ 150 ಮಂದಿ ಊಟಮಾಡುತ್ತಿದ್ದರು. ಆ ಭತ್ಯವು ಕಾನೂನಿನ ಪ್ರಕಾರ ಅವನದೇ. ದೇವರ ಭಯದಿಂದಲೂ ಜನರ ಹೊರೆ ಭಾರವಾಗಿತ್ತೆಂಬ ಕಾರಣದಿಂದಲೂ ಅವನು ಅದನ್ನು ಬಿಟ್ಟನು. ನಿಯಮ ಅನುಮತಿಸಿದ್ದನ್ನೆಲ್ಲಾ ತೆಗೆದುಕೊಳ್ಳುವುದು ಪ್ರಾಮಾಣಿಕತೆಗೆ ಸಾಕೆಂದು ಭಾವಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲನಾದ ಪೌಲನು ಯೆರೂಸಲೇಮಿನ ಬಡವರಿಗಾಗಿ ಸಭೆಗಳಿಂದ ಹಣ ಸಂಗ್ರಹಿಸಿದಾಗ ಅದನ್ನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳೇ ಆರಿಸಿಕೊಟ್ಟ ಸಹೋದರನು ಜೊತೆಯಲ್ಲಿರಬೇಕೆಂದು ಏರ್ಪಡಿಸಿ, ಕರ್ತನ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಗೌರವವಾದದ್ದನ್ನು ಮಾಡಲು ಆಲೋಚಿಸುತ್ತೇವೆಂದು ಎರಡನೆಯ ಕೊರಿಂಥ 8ರಲ್ಲಿ ಬರೆದನು. ದೇವರಿಗೆ ಗೊತ್ತಿದೆ, ಲೆಕ್ಕ ಏಕೆ ತೋರಿಸಬೇಕು ಎಂಬ ಮಾತು ಅಪೊಸ್ತಲನ ಬಾಯಿಂದ ಬರಲಿಲ್ಲ.

ಯೇಸು ಕಲಿಸಿದ ನಾಯಕತ್ವದಲ್ಲಿ ಹೊಸದೇನಿದೆ?

ಜೆಬೆದಾಯನ ಮಕ್ಕಳಾದ ಯಾಕೋಬನೂ ಯೋಹಾನನೂ ಮಹಿಮೆಯಲ್ಲಿ ಬಲಗಡೆ ಮತ್ತು ಎಡಗಡೆಯ ಸ್ಥಾನಗಳನ್ನು ಕೇಳಿದರು. ಉಳಿದ ಹತ್ತು ಮಂದಿಗೆ ಸಿಟ್ಟು ಬಂತು. ಆಗ ಯೇಸು ಹನ್ನೆರಡು ಮಂದಿಯನ್ನೂ ಹತ್ತಿರ ಕರೆದು, ಜನಾಂಗಗಳ ಅಧಿಪತಿಗಳು ದೊರೆತನ ನಡಿಸುವುದು ನಿಮಗೆ ತಿಳಿದಿದೆ, ನಿಮ್ಮಲ್ಲಿ ಹಾಗಿರಬಾರದು, ದೊಡ್ಡವನಾಗಬೇಕೆಂದಿರುವವನು ನಿಮ್ಮ ಸೇವಕನಾಗಿರಬೇಕು ಎಂದರು. ಮನುಷ್ಯಕುಮಾರನು ಸೇವೆ ಮಾಡಿಸಿಕೊಳ್ಳುವುದಕ್ಕೆ ಬರದೆ, ಸೇವೆ ಮಾಡುವುದಕ್ಕೂ ಅನೇಕರಿಗಾಗಿ ಪ್ರಾಣವನ್ನು ಈಡು ಕೊಡುವುದಕ್ಕೂ ಬಂದನೆಂದು ಮಾರ್ಕ 10ರಲ್ಲಿ ಹೇಳಿದ ಮಾತಿನಲ್ಲಿ ಹೊಸತನವೆಲ್ಲಾ ಅಡಗಿದೆ. ಹಿಂದಿನ ನಾಯಕರು ಜನರಿಂದ ಕಸಿದುಕೊಳ್ಳಬಾರದಿತ್ತು. ಇಲ್ಲಿ ನಾಯಕನು ತನ್ನನ್ನೇ ಕೊಟ್ಟುಬಿಡುತ್ತಾನೆ.

ಆದರೂ ಶಿಷ್ಯರಿಗೆ ಅದು ತಿಳಿಯಲಿಲ್ಲ. ಕಡೇ ಭೋಜನದ ರಾತ್ರಿಯಲ್ಲೂ ತಮ್ಮಲ್ಲಿ ಯಾರು ದೊಡ್ಡವನೆಂಬ ವಾದ ಅವರ ನಡುವೆ ಎದ್ದಿತೆಂದು ಲೂಕನು ಬರೆಯುತ್ತಾನೆ. ಅದೇ ರಾತ್ರಿ ಯೇಸು ಎದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಅವರ ಕಾಲುಗಳನ್ನು ತೊಳೆದರೆಂದು ಯೋಹಾನನು ತಿಳಿಸುತ್ತಾನೆ. ಹಿಡಿದುಕೊಡಲಿದ್ದ ಯೂದನ ಕಾಲುಗಳೂ ಆ ಕಾಲುಗಳಲ್ಲಿ ಸೇರಿದ್ದವು. ತಂದೆಯು ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆಂದು ತಿಳಿದೇ ಯೇಸು ಇದನ್ನು ಮಾಡಿದರೆಂದು 13ನೆಯ ಅಧ್ಯಾಯ ಸ್ಪಷ್ಟಪಡಿಸುವುದು ಬಹಳ ಮುಖ್ಯ, ಏಕೆಂದರೆ ಈ ದೀನತೆಯು ತಾನು ಯಾರೆಂಬ ಸಂದೇಹದಿಂದ ಬಂದದ್ದಲ್ಲ, ಸಂಪೂರ್ಣವಾದ ಭರವಸೆಯಿಂದ ಬಂದದ್ದು. ಸ್ಥಾನ ಕಳೆದುಹೋಗುವ ಭಯವಿಲ್ಲದವನು ಮಾತ್ರ ಹೀಗೆ ಬಾಗಬಲ್ಲನು.

ಪೌಲನು ನನ್ನನ್ನು ಅನುಸರಿಸಿರಿ ಎಂದು ಬರೆದದ್ದು ದೀನತೆಗೆ ವಿರುದ್ಧವಲ್ಲವೇ?

ಆ ಮಾತನ್ನು ಪೂರ್ತಿಯಾಗಿ ಓದಬೇಕು: ನಾನು ಕ್ರಿಸ್ತನನ್ನು ಅನುಸರಿಸುವಂತೆಯೇ ಎಂಬ ಅಳತೆಗೋಲನ್ನೂ ಅವನು ಅಲ್ಲಿಯೇ ಕೊಟ್ಟಿದ್ದಾನೆ, ಅಂದರೆ ತಾನು ಎಲ್ಲಿ ತಪ್ಪುತ್ತೇನೆಂದು ನೋಡುವ ಹಕ್ಕನ್ನೂ ಓದುಗರಿಗೆ ಒಪ್ಪಿಸಿದ್ದಾನೆ. ಒಂದನೆಯ ಕೊರಿಂಥದಲ್ಲಿ ಅಪೊಸ್ತಲರಲ್ಲಿ ಕನಿಷ್ಠನೆಂದೂ, ಎಫೆಸದವರಿಗೆ ಬರೆದ ಪತ್ರದಲ್ಲಿ ದೇವಜನರೆಲ್ಲರಲ್ಲಿ ಅತ್ಯಲ್ಪನೆಂದೂ, ತಿಮೊಥೆಗೆ ಬರೆದ ಪತ್ರದಲ್ಲಿ ಪಾಪಿಗಳಲ್ಲಿ ಮುಖ್ಯನೆಂದೂ ತನ್ನನ್ನು ಕರೆದುಕೊಳ್ಳುತ್ತಾನೆ. ಹಾಗಿದ್ದರೂ ಸತ್ಯಕ್ಕೆ ಧಕ್ಕೆ ಬಂದಾಗ ಅವನು ಹಿಂಜರಿಯಲಿಲ್ಲ.

“ಅಭಿಷಿಕ್ತನನ್ನು ಮುಟ್ಟಬೇಡಿ” ಎಂದಿರುವಾಗ ನಾಯಕರನ್ನು ಪ್ರಶ್ನಿಸಬಹುದೇ?

ಪ್ರಶ್ನಿಸಬಹುದು, ಕೆಲವೊಮ್ಮೆ ಪ್ರಶ್ನಿಸಲೇಬೇಕು. ಅಭಿಷಿಕ್ತರನ್ನು, ಅಂದರೆ ದೇವರು ಆರಿಸಿಕೊಂಡವರನ್ನು, ಕುರಿತ ಈ ವಾಕ್ಯವು 105ನೆಯ ಕೀರ್ತನೆಯಲ್ಲಿದೆ. ಅಲ್ಲಿ ಮಾತನಾಡುತ್ತಿರುವುದು ಸ್ವಂತ ನೆಲವಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಅಬ್ರಹಾಮ ಮುಂತಾದ ಮೂಲಪಿತೃಗಳ ಕುರಿತು. ಅವರನ್ನು ಬಾಧಿಸದಂತೆ ದೇವರು ಅರಸರನ್ನೇ ಗದರಿಸಿದರೆಂಬುದು ಅದರ ಅರ್ಥ. ಬಲಹೀನರನ್ನು ಬಲಿಷ್ಠರಿಂದ ಕಾಪಾಡುವ ಮಾತನ್ನು ಬಲಿಷ್ಠರಿಗೆ ಗುರಾಣಿಯಾಗಿ ಬಳಸುವುದು ನೋವಿನ ಸಂಗತಿ. ದಾವೀದನು ಸೌಲನ ಮೇಲೆ ಕೈಯೆತ್ತಲು ನಿರಾಕರಿಸಿದ್ದು ನಿಜ, ಆದರೆ ಏಂಗೆದಿಯ ಗವಿಯಿಂದ ಹೊರಬಂದು, ಅವನ ಅನ್ಯಾಯವನ್ನು ಅವನ ಸೈನ್ಯದ ಎದುರಿಗೇ ಕೂಗಿ ಹೇಳಿದ್ದೂ ಅಷ್ಟೇ ನಿಜ.

ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯನಾದ ಪೇತ್ರನು ಅನ್ಯಜನರೊಂದಿಗೆ (ಯೆಹೂದ್ಯರಲ್ಲದವರೊಂದಿಗೆ) ಊಟಮಾಡುವುದನ್ನು ಕೆಲವರಿಗೆ ಹೆದರಿ ನಿಲ್ಲಿಸಿದಾಗ ಪೌಲನು ಎಲ್ಲರ ಮುಂದೆ ಅವನನ್ನು ಎದುರಿಸಿದನೆಂದು ಗಲಾತ್ಯ 2 ಹೇಳುತ್ತದೆ. ಮುಂದೆ ಪೇತ್ರನ ಎರಡನೆಯ ಪತ್ರವು ಅದೇ ಪೌಲನನ್ನು ನಮ್ಮ ಪ್ರಿಯ ಸಹೋದರನೆಂದು ಕರೆಯುತ್ತದೆ. ತಿದ್ದಿದವನನ್ನು ಪ್ರೀತಿಯಿಂದ ನೆನೆಯಬಲ್ಲ ಹಿರಿಯನಿಗಿಂತ ದೊಡ್ಡ ಬಲ ಸಭೆಗೆ ಇನ್ನೊಂದಿಲ್ಲ. ಹಾಗೆಯೇ ದೂರು ಕೊಡುವವರಿಗೂ ನಿಯಮವಿದೆ. ಹಿರಿಯನ ಮೇಲಿನ ಆಪಾದನೆಗೆ ಇಬ್ಬರು ಮೂವರ ಸಾಕ್ಷಿ ಬೇಕು, ಪಾಪದಲ್ಲಿ ಮುಂದುವರಿಯುವವರನ್ನು ಎಲ್ಲರ ಮುಂದೆ ಗದರಿಸಬೇಕು, ಪಕ್ಷಪಾತ ಕೂಡದು ಎಂದು ಒಂದನೆಯ ತಿಮೊಥೆ 5 ವಿಧಿಸುತ್ತದೆ. ಗಾಳಿಮಾತು ಮತ್ತು ಮುಚ್ಚಿಹಾಕುವಿಕೆ ಎರಡಕ್ಕೂ ಇಲ್ಲಿ ಜಾಗವಿಲ್ಲ.

ಬಿದ್ದುಹೋದ ನಾಯಕನಿಗೆ ಮತ್ತೆ ಸ್ಥಾನ ಕೊಡಬೇಕೇ?

ಕ್ಷಮೆ ಮತ್ತು ಹುದ್ದೆ ಒಂದೇ ಅಲ್ಲ. ತನ್ನನ್ನು ಮೂರು ಸಾರಿ ಅಲ್ಲಗಳೆದ ಪೇತ್ರನಿಗೆ ಯೇಸು ಮೂರು ಸಾರಿ ಪ್ರೀತಿಯ ಕುರಿತು ಕೇಳಿ ಕುರಿಗಳನ್ನು ಒಪ್ಪಿಸಿದರು. ಮೋಶೆಯಾದರೋ ದೇವರಿಗೆ ಆಪ್ತನಾಗಿಯೇ ಉಳಿದರೂ ಜನರನ್ನು ದೇಶದೊಳಗೆ ನಡೆಸಲಿಲ್ಲ. ಎಲ್ಲರಿಗೂ ಅನ್ವಯಿಸುವ ಒಂದೇ ಸೂತ್ರ ಇಲ್ಲಿಂದ ಹೊರಡುವುದಿಲ್ಲ. ಆದರೂ ಪಶ್ಚಾತ್ತಾಪಪಟ್ಟವನು ಕೂಡಲೇ ತನ್ನ ಸ್ಥಾನವನ್ನು ಕೇಳುತ್ತಿದ್ದರೆ ಸೌಲನ ಮಾತನ್ನು ನೆನೆಯಬೇಕು, ಮತ್ತು ಅನ್ಯಾಯಕ್ಕೊಳಗಾದವರ ಸುರಕ್ಷತೆ ಮೊದಲು ಬರಬೇಕು.

ಕಚೇರಿಯಲ್ಲೋ ಸರಕಾರದಲ್ಲೋ ಕೆಲಸ ಮಾಡುವವರಿಗೆ ಈ ಪಾಠಗಳು ಅನ್ವಯಿಸುತ್ತವೆಯೇ?

ದಾನಿಯೇಲನು ಪರದೇಶದ ಅರಸರ ಆಡಳಿತದಲ್ಲಿಯೇ ದುಡಿದವನು. 120 ದೇಶಾಧಿಪತಿಗಳ ಮೇಲಿದ್ದ ಮೂವರು ಮುಖ್ಯಾಧಿಕಾರಿಗಳಲ್ಲಿ ಅವನೊಬ್ಬನು. ಅಸೂಯೆಪಟ್ಟವರು ಅವನ ರಾಜ್ಯಭಾರದ ಕೆಲಸವನ್ನೆಲ್ಲಾ ಹುಡುಕಿದರೂ ತಪ್ಪಾಗಲಿ ಅಲಕ್ಷ್ಯವಾಗಲಿ ಸಿಗಲಿಲ್ಲ. ಅಲಕ್ಷ್ಯ ಎಂಬುದನ್ನು ಸೇರಿಸಿರುವುದು ಗಮನಾರ್ಹ: ಲಂಚ ಮುಟ್ಟದಿದ್ದರೂ ಕೆಲಸದಲ್ಲಿ ಉದಾಸೀನನಾದವನನ್ನು ದಾನಿಯೇಲನ ಪುಸ್ತಕದ 6ನೆಯ ಅಧ್ಯಾಯ ಪ್ರಾಮಾಣಿಕನೆಂದು ಒಪ್ಪುವುದಿಲ್ಲ.

ನಾಯಕನಾಗಬೇಕೆಂದು ಆಸೆಪಡುವುದು ತಪ್ಪೇ?

ಸಭಾಧ್ಯಕ್ಷನ ಉದ್ಯೋಗವನ್ನು ಬಯಸುವವನು ಒಳ್ಳೆಯ ಕೆಲಸವನ್ನು ಬಯಸುತ್ತಾನೆಂದು ಒಂದನೆಯ ತಿಮೊಥೆ 3 ಹೇಳುತ್ತದೆ, ಆದ್ದರಿಂದ ಆಸೆ ತಪ್ಪಲ್ಲ. ಆದರೆ ಅದೇ ಅಧ್ಯಾಯವು ಹೊಸದಾಗಿ ನಂಬಿಕೆಗೆ ಬಂದವನು ಉಬ್ಬಿಹೋಗಬಹುದೆಂದು ಎಚ್ಚರಿಸುತ್ತದೆ, ಹೊರಗಿನವರಿಂದಲೂ ಒಳ್ಳೆಯ ಸಾಕ್ಷಿ ಇರಬೇಕೆನ್ನುತ್ತದೆ. ಯೋಹಾನನ ಮೂರನೆಯ ಪತ್ರದಲ್ಲಿ ಬರುವ ದಿಯೊತ್ರೇಫನು ಪ್ರಮುಖನಾಗಿರಬೇಕೆಂದು ಅಪೇಕ್ಷಿಸಿ, ಸಹೋದರರನ್ನು ಸೇರಿಸಿಕೊಳ್ಳದೆ, ಸೇರಿಸಿಕೊಳ್ಳುವವರನ್ನೂ ಸಭೆಯಿಂದ ಹೊರಗೆ ಹಾಕುತ್ತಿದ್ದನು. ಕೆಲಸವನ್ನು ಬಯಸುವುದಕ್ಕೂ ಪೀಠವನ್ನು ಬಯಸುವುದಕ್ಕೂ ಇರುವ ದೂರ ಈ ಇಬ್ಬರಲ್ಲಿ ಕಾಣುತ್ತದೆ.

ಅಧಿಕಾರವನ್ನು ಬಿಟ್ಟುಕೊಡುವ ಸಮಯ ಬಂದಾಗ ಏನು ಮಾಡಬೇಕು?

ತಾನು ದೇಶವನ್ನು ಪ್ರವೇಶಿಸುವುದಿಲ್ಲವೆಂದು ತಿಳಿದಾಗ ಮೋಶೆಯು ಕೇಳಿದ್ದು ತನ್ನ ಹೆಸರಿನ ಕುರಿತಲ್ಲ. ಈ ಸಮೂಹವು ಕುರುಬನಿಲ್ಲದ ಕುರಿಗಳಂತೆ ಆಗದ ಹಾಗೆ ಒಬ್ಬನನ್ನು ನೇಮಿಸಬೇಕೆಂದು ಬೇಡಿಕೊಂಡನು. ತನ್ನ ಮಕ್ಕಳ ಹೆಸರನ್ನೂ ಎತ್ತಲಿಲ್ಲ. ಅರಣ್ಯಕಾಂಡ 27ರಲ್ಲಿ ಅವನು ಯೆಹೋಶುವನನ್ನು ಎಲ್ಲರ ಮುಂದೆ ನಿಲ್ಲಿಸಿ, ಅವನ ಮೇಲೆ ಕೈಗಳನ್ನಿಟ್ಟು, ತನ್ನ ಗೌರವದಲ್ಲಿ ಪಾಲು ಕೊಟ್ಟನು.

ಪೌಲನ ಜೊತೆಸೇವಕನಾದ ಬಾರ್ನಬನದು ಇನ್ನೂ ಸದ್ದಿಲ್ಲದ ರೀತಿ. ಯಾರೂ ನಂಬದಿದ್ದಾಗ ಪೌಲನನ್ನು ಅಪೊಸ್ತಲರ ಬಳಿಗೆ ಕರೆತಂದವನು ಅವನೇ, ತಾರ್ಸಕ್ಕೆ ಹೋಗಿ ಹುಡುಕಿ ಅಂತಿಯೋಕ್ಯದ ಸೇವೆಗೆ ತಂದವನೂ ಅವನೇ. ಅಪೊಸ್ತಲರ ಕೃತ್ಯಗಳು 13ನೆಯ ಅಧ್ಯಾಯದ ಆರಂಭದಲ್ಲಿ ಬಾರ್ನಬನೂ ಸೌಲನೂ (ಪೌಲನ ಇನ್ನೊಂದು ಹೆಸರು) ಎಂದಿದ್ದದ್ದು, ಅಧ್ಯಾಯ ಮುಗಿಯುವ ಮೊದಲೇ ಪೌಲನೂ ಬಾರ್ನಬನೂ ಎಂದಾಗುತ್ತದೆ. ಮುಂದೆ ಮಾರ್ಕನನ್ನು ಜೊತೆಗೆ ಕರೆದೊಯ್ಯುವ ವಿಷಯದಲ್ಲಿ ಇಬ್ಬರಿಗೂ ತೀಕ್ಷ್ಣವಾದ ವಾಗ್ವಾದವಾಗಿ ಅವರು ಅಗಲಿದರು, ಆದರೆ ಹೆಸರು ಹಿಂದೆ ಸರಿದದ್ದಕ್ಕಾಗಿ ಬಾರ್ನಬನು ಪೌಲನೊಂದಿಗೆ ಜಗಳವಾಡಿದ ದಾಖಲೆ ಎಲ್ಲಿಯೂ ಇಲ್ಲ.